ಜಪಾನು ಸೀಜ್ ಆದ ಬೇಸಿಗೆ

ಹೋದ ತಿಂಗಳು ಮಾಕಳಿ ಸ್ಟಾಪಿನಲ್ಲಿ ಬಸ್ಸಿಳಿದು ರಸ್ತೆ ದಾಟಲು ಕಾಯುತ್ತಿದ್ದೆ. ಲಾರಿ ಹೊಗೆ, ಧೂಳು, ಪಕ್ಕದ ಬೇಕರಿಯ ಬೆಣ್ಣೆ ಬಿಸ್ಕತ್ತು, ಇಷ್ಟರ ನಡುವೆ ಇನ್ನೊಂದು ವಾಸನೆ ಮೂಗಿಗೆ ಬಂತು. ಪೆಟ್ರೋಲಿನ ಜೊತೆಗೆ ಎಣ್ಣೆಯೂ ಉರಿದಾಗ ಬರುವ, ತುಸು ಸಿಹಿಯಾದ ನೀಲಿ ಹೊಗೆ. ಟು-ಸ್ಟ್ರೋಕ್ ಗಾಡಿಗಳು ರಸ್ತೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಈಗ ಈ ಹೊಗೆ ಬಿಡುವವರು ಯಾರಪ್ಪ ಅಂತ ಕತ್ತು ಉದ್ದ ಮಾಡಿ ನೋಡಿದರೆ ಗಾಡಿ ಆಗಲೇ ಗೋಡೌನಿನ ಹಿಂದೆ ತಿರುಗಿಬಿಟ್ಟಿತ್ತು. "ಅಯ್ಯೋ, ಜಪಾನು!" ಎಂದು ಜೋರಾಗಿಯೇ ಕೂಗಿಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಎರಡು ಹೆಜ್ಜೆ ದೂರ ಸರಿದರು.

ಅವರ ತಪ್ಪಲ್ಲ ಬಿಡಿ. ಜಪಾನು ಅಂದರೆ ಒಂದು ಬೈಕು ಎಂದು ಗೊತ್ತಿರುವವರು ಈ ಭೂಮಿಯ ಮೇಲೆ ಹತ್ತು ಹನ್ನೆರಡು ಮಂದಿ ಇರಬಹುದು.

ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ್ದಕ್ಕೆ ಪೀಣ್ಯದಲ್ಲಿ ನಮಗೆ ಕೆಲಸ ಇಲ್ಲದಂತಾದ ಬೇಸಿಗೆ ಅದು. ತುಮಕೂರು ರಸ್ತೆಯ ಉದ್ದಕ್ಕೂ ಕಂಬಗಳು ಏಳುತ್ತಿದ್ದವು, ಗುಂಡಿ ತೋಡಿದ್ದರು, ಇಡೀ ಪೀಣ್ಯ ಹಿಟ್ಟಿನ ಗಿರಣಿಯಂತೆ ಬೆಳ್ಳಗಾಗಿತ್ತು. ಆದರೆ ಎರಡನೇ ಹಂತದ ನಮ್ಮ ಕಾರ್ಖಾನೆಯೊಳಗೆ ಮಾತ್ರ ಸದ್ದಿಲ್ಲ. ಮಣ್ಣು ಅಗೆಯುವ ಯಂತ್ರದ ಕೈಯನ್ನು ಮಡಚಿ ಬಿಡಿಸುವ ಉದ್ದನೆಯ ಉಕ್ಕಿನ ಸಿಲಿಂಡರ್ ಇರುತ್ತದಲ್ಲ, ನಾವು ಮಾಡುತ್ತಿದ್ದದ್ದು ಅದನ್ನು. ನಮ್ಮ ಮಾಲು ಹೋಗುತ್ತಿದ್ದ ಅಮೆರಿಕದಲ್ಲಿ ಮಣ್ಣು ಅಗೆಯುವವರೇ ಇಲ್ಲದ ಮೇಲೆ ಸಿಲಿಂಡರ್ ಯಾರಿಗೆ ಬೇಕು? ವಾರಕ್ಕೆ ಮೂರು ದಿನ ಮಶೀನು ಓಡಿದರೆ ಹೆಚ್ಚು.

ನನ್ನದು ಇನ್‌ಸ್ಪೆಕ್ಷನ್ ಕೆಲಸ. ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಅಲ್ಲೇ ಇದ್ದೆ. ತಯಾರಾದ ಪ್ರತಿ ವಸ್ತುವೂ ನನ್ನ ಮೇಜಿಗೆ ಬರಬೇಕು. ಅಳೆದು ನೋಡಿ ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ಇಲ್ಲದಿದ್ದರೆ ಕೆಂಪು ಗೀಟು. ಇಡೀ ಕಾರ್ಖಾನೆಯಲ್ಲಿ ನನಗಿದ್ದ ಅಧಿಕಾರವೆಂದರೆ ಆ ಕೆಂಪು ಬಣ್ಣದ ಡಬ್ಬಿ. ಅದನ್ನು ಚೆನ್ನಾಗಿಯೇ ಚಲಾಯಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನನ್ನನ್ನು ಕಂಡರೆ ಗಂಡಸರು ಬೀಡಿ ಆರಿಸುವಷ್ಟು ಚಲಾಯಿಸುತ್ತಿದ್ದೆ.

ಆ ಕೆಂಪು ಗೀಟು ಅತಿ ಕಡಿಮೆ ಬೀಳುತ್ತಿದ್ದದ್ದು ಈರಣ್ಣನವರ ಕೆಲಸದ ಮೇಲೆ. ಬಾಗಲಕೋಟೆ ಕಡೆಯವರು, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಮಾದನಾಯಕನಹಳ್ಳಿಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಸಿಲಿಂಡರಿನ ಒಳಮೈಯನ್ನು ತಿರುಗುವ ಕಲ್ಲುಗಳಿಂದ ಉಜ್ಜಿ ನಯ ಮಾಡುವ ಹೋನಿಂಗ್ ಮಶೀನು ಅವರದು. ಆ ಮಶೀನಿಗೆ ಇಬ್ಬರು ಆಪರೇಟರುಗಳಿದ್ದರು. ಈ ಪರಿಸ್ಥಿತಿಯಲ್ಲಿ ಒಬ್ಬರು ಸಾಕು ಎಂದು ಯಜಮಾನರು ಆಗಲೇ ಹೇಳಿಯಾಗಿತ್ತು. ಇನ್ನೊಬ್ಬರು ಅರದಿಂದ ಅಂಚು ಉಜ್ಜುವ ಮೇಜಿಗೆ ಹೋಗಬೇಕು. ಆ ಮೇಜಿನಲ್ಲಿ ಹೊಸಬರು ಕೂರುತ್ತಿದ್ದರು. ಹಳಬರು ಯಾರಾದರೂ ಕೂತರೆ ಅವರ ಮುಂದಿನ ಸ್ಟಾಪು ಗೇಟು ಎಂದೇ ಲೆಕ್ಕ. ಯಾರು ಹೋಗಬೇಕು ಅನ್ನೋದು ತೀರ್ಮಾನವಾಗಿರಲಿಲ್ಲ.

ಅಷ್ಟರಲ್ಲಿ ಮುನಿರಾಜಣ್ಣ ತಮ್ಮ ಬೈಕು ತಂದರು. ಮುನಿರಾಜಣ್ಣ ನಮ್ಮ ಕಾರ್ಖಾನೆಯ ಟೆಂಪೋ ಓಡಿಸುತ್ತಿದ್ದವರು, ಮಾಕಳಿಯ ಹಳೇ ಮನೆತನ. ಅವರ ತಾತನ ರಾಗಿ ಹೊಲದ ಮೇಲೆ ಈಗ ಮೂರು ಗೋಡೌನುಗಳಿವೆ. ಅವರ ಹುಡುಗಾಟದ ವಯಸ್ಸಿನಲ್ಲಿ ಪಕ್ಕದ ಕಾರ್ಖಾನೆಗೆ ಮಶೀನು ಕೂರಿಸಲು ಬಂದ ಜಪಾನಿನ ಇಂಜಿನಿಯರೊಬ್ಬ ಇವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದನಂತೆ. ತನ್ನ ದೇಶದಿಂದ ಒಂದು ಬೈಕು ತರಿಸಿಕೊಂಡಿದ್ದ. ಟಾರು ರಸ್ತೆಗೂ ಸೈ, ಕಲ್ಲುಗುಡ್ಡಕ್ಕೂ ಸೈ. ಎತ್ತರದ ಮಡ್‌ಗಾರ್ಡು, ಗುಬಟು ಗುಬಟಾದ ಟೈರು, ಸೊಂಟದ ಮಟ್ಟಕ್ಕೆ ಮೇಲೆದ್ದ ಸೈಲೆನ್ಸರು. ಭಾನುವಾರ ಬಂದರೆ ಆತ ಅದನ್ನು ಹತ್ತಿ ಗುಡ್ಡಗಳ ಮೇಲೆ ಹೋಗುತ್ತಿದ್ದ, ಕೆಸರಿನಲ್ಲಿ ಸಿಕ್ಕಿಕೊಂಡಾಗ ಮುನಿರಾಜಣ್ಣ ಹಿಂದಿನಿಂದ ತಳ್ಳುತ್ತಿದ್ದರು. ಊರಿಗೆ ವಾಪಸು ಹೋಗುವಾಗ ತಳ್ಳಿದವನಿಗೇ ಗಾಡಿ ಕೊಟ್ಟು ಹೋದ. ಊರವರು ಆತನನ್ನೂ ಜಪಾನು ಅಂತಿದ್ದರು, ಆತ ಹೋದ ಮೇಲೆ ಬೈಕನ್ನೂ ಜಪಾನು ಅಂದರು.

"ಬೋರು ಸವೆದೋಗದೆ ಕಣಮ್ಮ, ಏರಿನಾಗೆ ಉಸ್ರೇ ಇಲ್ಲ ಇದಕ್ಕೆ," ಅಂದರು ಮುನಿರಾಜಣ್ಣ. ಜಪಾನಿನ ಇಂಜಿನಿಯರು ಬಿಟ್ಟುಹೋಗಿದ್ದ ಒಂದೇ ಒಂದು ಹೊಸ ಪಿಸ್ಟನ್ನನ್ನು ಎಣ್ಣೆ ಕಾಗದ ಬಿಚ್ಚಿ ತೋರಿಸಿದರು. ಹಳೆಯದಕ್ಕಿಂತ ಅರ್ಧ ಮಿಲಿಮೀಟರು ದಪ್ಪನೆಯದು. ಬೋರನ್ನು, ಅಂದರೆ ಎಂಜಿನ್ನಿನ ಸಿಲಿಂಡರಿನ ಒಳಗಿನ ತೂತನ್ನು, ಅಷ್ಟು ಅಗಲಿಸಿದರೆ ಅದು ಕೂರುತ್ತದೆ. ಇನ್ನೊಂದು ಪಿಸ್ಟನ್ ಈ ದೇಶದಲ್ಲಿ ಸಿಗುವುದಿಲ್ಲ.

ಯಜಮಾನರನ್ನು ನಾವೆಲ್ಲ ಸಾರ್ ಅನ್ನುತ್ತಿದ್ದೆವು. ಅವರು ಬೈಕಿನ ಸುತ್ತ ಎರಡು ಸುತ್ತು ಹಾಕಿದರು, ಸೀಟಿನ ಮೇಲೆ ಕೈಯಿಟ್ಟರು, ಏನೋ ನೆನಪಾದವರಂತೆ ನಕ್ಕರು. "ಸುಮ್ನೆ ಕೂತಿರೋ ಬದ್ಲು ಮಾಡ್ರಪ್ಪ. ಆದ್ರೆ ನಮ್ಮ ಜಾಬ್ ಥರಾನೇ ಮಾಡ್ಬೇಕು. ಕಾರ್ಡು ಹಾಕಿ, ಇನ್‌ಸ್ಪೆಕ್ಷನ್ ಆಗ್ಲಿ. ಹೋನಿಂಗ್ ಈರಣ್ಣ ಮಾಡ್ಲಿ, ನೋಡೋಣ." ಆ ‘ನೋಡೋಣ’ ಎಲ್ಲರ ಕಿವಿಗೂ ಬಿತ್ತು. ಈರಣ್ಣ ತಲೆಯಲ್ಲಾಡಿಸಿದರು.

ಎರಡು ದಿನದಲ್ಲಿ ಸಿಲಿಂಡರ್ ನನ್ನ ಮೇಜಿಗೆ ಬಂತು. ಅಳತೆ ಎಂದರೆ ಅಳತೆ, ಕೂದಲೆಳೆ ಆಚೀಚೆ ಇಲ್ಲ. ಆದರೆ ಒಳಮೈ ತುಂಬ ಒಂದರ ಮೇಲೊಂದು ಅಡ್ಡ ಹಾಯ್ದ ಸಣ್ಣ ಸಣ್ಣ ಗೀರುಗಳು, ಚಾಪೆ ಹೆಣೆದ ಹಾಗೆ.

"ಇದೇನ್ರೀ ಈರಣ್ಣ, ಬೆಕ್ಕು ಪರಚಿದ ಹಾಗಿದೆ?"

"ಬೇಕಂತ್ಲೇ ಬಿಟ್ಟೀನ್ರಿ ಮೇಡಂ. ಎಂಜಿನ್ನಿಗೆ ಇಷ್ಟು ಗೀರು ಇರ್ಲಿ."

"ಚೆನ್ನಾಗಿದೆ! ನಮ್ಮ ಶಾಪಿಂದ ಹೀಗೆ ಹೊರಗೆ ಕಳಿಸಿದ್ರೆ ಜನ ನಗ್ತಾರೆ. ಫಿನಿಶ್ ಮಾಡ್ಕೊಂಡು ಬನ್ನಿ," ಅಂದು ಕೆಂಪು ಗೀಟು ಎಳೆದೆ. ಕಾರ್ಡಿನಲ್ಲಿ ‘ಫಿನಿಶ್ ಒರಟು, ಮತ್ತೆ ಮಾಡುವುದು’ ಎಂದು ಬರೆದೆ. ಈರಣ್ಣ ಸಿಲಿಂಡರ್ ಎತ್ತಿಕೊಂಡು ಹೋದರು. ಮರುದಿನ ತಂದಾಗ ಅದರೊಳಗೆ ನನ್ನ ಹಣೆಯ ಬಿಂದಿ ಕಾಣುತ್ತಿತ್ತು. ಸಕ್ಕತ್ತಾಗಿದೆ ಅಂದು ಹಸಿರು ಚುಕ್ಕೆ ಇಟ್ಟೆ.

ಬೈಕು ಜೋಡಿಸಿ, ಮುನಿರಾಜಣ್ಣ ಕಿಕ್ ಹೊಡೆದಾಗ ಮೂರನೆಯದಕ್ಕೆ ಎದ್ದುಬಿಟ್ಟಿತು. ಶೆಡ್ಡಿನ ತುಂಬ ನೀಲಿ ಹೊಗೆ, ಎಲ್ಲರಿಗೂ ಕೆಮ್ಮು, ಎಲ್ಲರ ಮುಖದಲ್ಲೂ ನಗು. ಎರಡು ದಿನ ನಿಧಾನವಾಗಿ ಓಡಿಸಿದರು. ಮೂರನೇ ದಿನ ಮಾಕಳಿಯ ಏರಿನಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತು, ಗಾಡಿ ಜಾರಿ, ಮುನಿರಾಜಣ್ಣನ ಮೊಣಕೈ ತರಚಿಹೋಯಿತು. ಸೀಜ್. ಅಂದರೆ ಪಿಸ್ಟನ್ನು ಬಿಸಿಯಾಗಿ ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡುಬಿಟ್ಟಿತ್ತು. ಬಿಚ್ಚಿ, ಪಿಸ್ಟನ್ನಿನ ಗಾಯವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಗೋಡೆಗೆ ಮೆತ್ತಿಕೊಂಡಿದ್ದ ಅಲ್ಯೂಮಿನಿಯಮ್ಮನ್ನು ಬಚ್ಚಲು ತೊಳೆಯುವ ಆಸಿಡ್ಡಿನಿಂದ ಕರಗಿಸಿ ಮತ್ತೆ ಜೋಡಿಸಿದೆವು. ಮತ್ತೆ ಅದೇ ಏರು, ಮತ್ತೆ ಸೀಜ್. ಈ ಸಲ ಪಿಸ್ಟನ್ನಿನ ಗಾಯ ಇನ್ನೂ ಆಳವಾಗಿತ್ತು. ಇನ್ನೊಂದು ಸಲ ಹೀಗಾದರೆ ಅದು ಮತ್ತೆ ಕೆಲಸಕ್ಕೆ ಬಾರದು.

ಶಾಪಿನಲ್ಲಿ ಮಾತು ಶುರುವಾಯಿತು. ಈರಣ್ಣನ ಕೈ ಹೋಯ್ತು ಗುರು, ವಯಸ್ಸಾಯ್ತಲ್ಲ, ಅಂತ. ವಾರದ ಕೊನೆಗೆ ಸಾರ್ ಈರಣ್ಣನನ್ನು ಕರೆದು ಸದ್ಯಕ್ಕೆ ಅರದ ಮೇಜಿಗೆ ಹೋಗಿ ಅಂದರು. ಈರಣ್ಣ ತಮ್ಮ ಟವೆಲ್ಲು, ಕನ್ನಡಕದ ಡಬ್ಬಿ ತೆಗೆದುಕೊಂಡು ಹೋಗಿ ಕಿಟಕಿ ಪಕ್ಕದ ಆ ಸ್ಟೂಲಿನ ಮೇಲೆ ಕೂತರು.

"ಅಳತೆ ಸರಿ ಇದೆ ಸಾರ್, ನಾನೇ ನೋಡಿದ್ದು," ಎಂದು ಸಾರ್ ಹತ್ತಿರ ಹೋಗಿ ವಾದ ಮಾಡಿದೆ. ಅವರ ಪರವಾಗಿ ಅಂತ ಆಗ ಅಂದುಕೊಂಡಿದ್ದೆ. ಅರ್ಧ ನನ್ನ ಹಸಿರು ಚುಕ್ಕೆಯ ಮರ್ಯಾದೆಗಾಗಿ ಮಾಡಿದ ವಾದ ಅದು.

"ಸರಿ ಇದ್ರೆ ಯಾಕಮ್ಮ ಕಚ್ಕೊಳತ್ತೆ?" ಅಂದರು ಸಾರ್.

ಆ ‘ಯಾಕೆ’ ನನ್ನನ್ನು ಹಿಡಿದುಕೊಂಡಿತು. ನನಗೆ ಚಿಕ್ಕಂದಿನಿಂದ ಈ ರೋಗವಿದೆ, ಒಂದು ‘ಯಾಕೆ’ ಒಳಗೆ ಹೊಕ್ಕರೆ ಊಟ ಸೇರುವುದಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಹಿಂದಿನ ಶೆಡ್ಡಿನಲ್ಲಿ ಜಪಾನಿನ ಮುಂದೆ ಮಣೆ ಹಾಕಿ ಕೂತೆ. ಮುನಿರಾಜಣ್ಣ ಸ್ಪ್ಯಾನರು ಹಿಡಿದು ಎದುರು ಕೂತರು.

ಟು-ಸ್ಟ್ರೋಕ್ ಎಂಜಿನ್ನಿನಂಥ ಸೋಜಿಗವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ವಾಲ್ವುಗಳೇ ಇಲ್ಲ! ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ ಅಷ್ಟೆ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಒಂದು ಕಿಂಡಿ ಮುಚ್ಚುತ್ತದೆ, ಇನ್ನೊಂದನ್ನು ತೆರೆಯುತ್ತದೆ. ಮನೆಯ ಬಾಗಿಲೇ ಮನೆಯ ಆಳೂ ಆದ ಹಾಗೆ. ಕೆಳಗಡೆ ಗಾಳಿ ಪೆಟ್ರೋಲು ಎಳೆದುಕೊಳ್ಳುವ ಹೊತ್ತಿಗೇ ಮೇಲ್ಗಡೆ ಆಗಲೇ ಬಂದದ್ದನ್ನು ಒತ್ತಿ ಸುಡುವ ತಯಾರಿ ನಡೆದಿರುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟೊಂದು ಕೆಲಸ ಮಾಡಿಸಿದವರು ಯಾರೋ ನಮ್ಮಮ್ಮನಂಥವರೇ ಇರಬೇಕು ಅನ್ನಿಸಿತು.

ಒಂದೊಂದೇ ಅನುಮಾನ ತೆಗೆದುಕೊಂಡು ಹೋದೆವು. ಎಣ್ಣೆ ಸಾಕಷ್ಟು ಬರುತ್ತಿಲ್ಲವೇ? ಆಯಿಲ್ ಪಂಪಿನ ಕೊಳವೆ ಬಿಚ್ಚಿ, ಬೀಳುವ ಹನಿಗಳನ್ನು ನೋಡಿದೆವು, ಸರಿಯಾಗಿ ಬೀಳುತ್ತಿದ್ದವು. ಕಿಡಿ ಹೊತ್ತಿಗೆ ಮುಂಚೆ ಹಾರುತ್ತಿದೆಯೇ? ಪ್ಲಗ್ಗಿನ ತೂತಿನೊಳಗೆ ನನ್ನ ಡಯಲ್ ಗೇಜು ಇಳಿಸಿ ಪಿಸ್ಟನ್ ಎಲ್ಲಿದ್ದಾಗ ಕಿಡಿ ಬರುತ್ತದೆಂದು ಅಳೆದೆ, ಸರಿಯಿತ್ತು. ಎಲ್ಲಾದರೂ ಗಾಳಿ ಸೋರುತ್ತಿದೆಯೇ? ಎಲ್ಲ ಬಾಯಿಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಕೀಲುಕೀಲಿಗೂ ಸೋಪಿನ ನೊರೆ ಹಚ್ಚಿದೆವು. ಒಂದು ಗುಳ್ಳೆ ಏಳಲಿಲ್ಲ.

"ಜಪಾನು ಬಾನ್ವಾರ ಬಾನ್ವಾರ ಪ್ಲಗ್ ಬಿಚ್ಚಿ ಮೂಸ್ ನೋಡೋನು ಕಣಮ್ಮ, ಉಳಿ ಬಂದೈತೇನೋ ಅಂತ ಸಾರು ನೋಡ್ದಂಗೆ," ಅಂದರು ಮುನಿರಾಜಣ್ಣ. ನಾನೂ ಮೂಸಿದೆ. ಪ್ಲಗ್ಗು ಒಳ್ಳೆಯ ಕಂದು ಬಣ್ಣಕ್ಕಿತ್ತು. ಎಲ್ಲವೂ ಸರಿ, ಗಾಡಿ ಮಾತ್ರ ಸರಿಯಿಲ್ಲ. "ಓಗ್ಲಿ ಬುಡವ್ವ, ಅದಕ್ಕೂ ವಯಸ್ಸಾಯ್ತು," ಎಂದು ಅವರು ಕೈ ಒರೆಸಿಕೊಂಡರು.

ನೀರು ಕುಡಿಯಲು ಹೋದಾಗ ಅರದ ಮೇಜಿನ ಹತ್ತಿರ ನಿಂತು ಕೇಳಿದೆ, "ಈರಣ್ಣ, ನಿಮಗೇನು ಅನ್ನಿಸತ್ತೆ?"

ಅವರು ತಲೆ ಎತ್ತಲಿಲ್ಲ. "ನನ್ನ ಕೇಳಬ್ಯಾಡ್ರಿ ಮೇಡಂ. ನನ್ನ ಕೆಲಸ ಪಾಸ್ ಆಗಿ ಹೋಗೇತಿ."

ಉತ್ತರ ಸಿಕ್ಕಿದ್ದು ಭಾನುವಾರ, ದಾಸರಹಳ್ಳಿಯ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ. ಹಿಂದಿನ ಸಂಜೆ ಮೊದಲ ಮಳೆ ಹೊಡೆದು ಧೂಳು ಅಡಗಿತ್ತು. ಗ್ರೈಂಡರ್ ಕಲ್ಲಿಗೆ ಉಳಿ ಹೊಡೆಯುವ ಹೆಂಗಸು ಬೀದಿಯಲ್ಲಿ ಕೂಗುತ್ತ ಬಂದಳು. ಮನೆ ಓನರ್ ಜಯಮ್ಮ ಗ್ರೈಂಡರಿನ ಕಲ್ಲನ್ನು ಹೊರಗೆ ತಂದು ಅವಳ ಮುಂದೆ ಇಟ್ಟರು.

"ನೋಡಮ್ಮ, ಸವೆದು ಕನ್ನಡಿ ಆಗ್ಬಿಟ್ಟಿದೆ. ಎಷ್ಟು ತಿರುಗಿದ್ರೂ ಹಿಟ್ಟು ನುಣ್ಣಗಾಗಲ್ಲ, ಬರೀ ಬಿಸಿಯಾಗತ್ತೆ."

ಆ ಹೆಂಗಸು ಉಳಿ ಇಟ್ಟು ಟಕ್ ಟಕ್ ಅಂತ ಹೊಡೆಯತೊಡಗಿದಳು. ಕನ್ನಡಿಯಂಥ ಕಲ್ಲಿನ ಮೇಲೆ ಒಂದೊಂದೇ ಗೀರು ಏಳುತ್ತಿತ್ತು. ನಾನು ಕಾಫಿ ಲೋಟ ಹಿಡಿದು ನೋಡುತ್ತ ಕೂತಿದ್ದವಳು ಹಾಗೇ ಎದ್ದುಬಿಟ್ಟೆ.

ನೇರ ಮಾಕಳಿಗೆ, ಮುನಿರಾಜಣ್ಣನ ಮನೆಗೆ. ಅವರ ಅಟ್ಟದಲ್ಲಿ ಯಾವುದೋ ಹಳೇ ಸ್ಕೂಟರಿನ ಸಿಲಿಂಡರು ಬಿದ್ದಿತ್ತು. ಅದರ ಒಳಗೆ ಈರಣ್ಣ ಬಿಟ್ಟಿದ್ದಂಥದೇ ಅಡ್ಡಗೀರುಗಳು ಇನ್ನೂ ಕಾಣುತ್ತಿದ್ದವು. ಮುನಿರಾಜಣ್ಣ ಶೆಡ್ಡಿನಿಂದ ಮನೆಗೆ ತಂದಿಟ್ಟಿದ್ದ ಜಪಾನಿನ ಸಿಲಿಂಡರನ್ನು ಪಕ್ಕದಲ್ಲಿ ನಿಲ್ಲಿಸಿದೆ. ಎರಡರ ಗೋಡೆಗೂ ಒಂದೊಂದು ಹನಿ ಎಣ್ಣೆ ಬಿಟ್ಟು ಬಟ್ಟೆಯಿಂದ ಒಂದೇ ಸಲ ಒರೆಸಿದೆ. ಗೀರಿದ್ದ ಗೋಡೆಯ ಮೇಲೆ ಬೆರಳಿಟ್ಟರೆ ಇನ್ನೂ ಜಿಡ್ಡು. ನನ್ನ ಕನ್ನಡಿಯ ಮೇಲೆ ಏನೂ ಇಲ್ಲ, ಒಣ ಒಣ. ನಮ್ಮ ಕಾರ್ಖಾನೆಯ ಸಿಲಿಂಡರುಗಳ ಒಳಗೆ ಎಣ್ಣೆ ಯಾವಾಗಲೂ ತುಂಬಿಕೊಂಡೇ ಇರುತ್ತದೆ, ಅಲ್ಲಿ ಕನ್ನಡಿ ಬೇಕು. ಈ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬರುವ ಒಂದೆರಡು ಹನಿಯೇ ಗತಿ. ಅದು ನಿಲ್ಲುವುದಕ್ಕೆ ಗೀರು ಬೇಕು. ಈರಣ್ಣ ಅಷ್ಟನ್ನೇ ಹೇಳಿದ್ದರು. ನಾನು ಬೆಕ್ಕು ಅಂದಿದ್ದೆ.

ತಕ್ಷಣ ಓಡಿಹೋಗಿ ಹೇಳಿದೆ ಅಂತ ಬರೆದುಕೊಳ್ಳಲು ಆಸೆಯಿದೆ. ಇಲ್ಲ. ಸೋಮವಾರ ಸುಮ್ಮನಿದ್ದೆ, ಮಂಗಳವಾರವೂ ಸುಮ್ಮನಿದ್ದೆ. ಒಬ್ಬರು ಸಾಕು ಎಂಬ ಮಾತು ಹೋನಿಂಗಿಗೆ ಮಾತ್ರವೇ? ನಾಳೆ ಇನ್‌ಸ್ಪೆಕ್ಷನ್ನಿಗೂ ಬರಬಹುದು. ಕಿಟಕಿ ಪಕ್ಕದಿಂದ ಅರದ ಸದ್ದು ದಿನವಿಡೀ ಬರುತ್ತಿತ್ತು. ನಾಚಿಕೆಯಿಂದ ಆ ಕಡೆ ನೋಡಲಾಗುತ್ತಿರಲಿಲ್ಲ. ಬುಧವಾರ ಟೀ ಹೊತ್ತಿಗೆ ಹೋಗಿ ಅವರ ಎದುರು ನಿಂತೆ.

"ಗೀರು ಬೇಕಿತ್ತು ಅಂತ ನಿಮಗೆ ಗೊತ್ತಿತ್ತು. ಸಾರ್ ಹತ್ರ ಯಾಕೆ ಹೇಳ್ಲಿಲ್ಲ? ನನ್ನ ಹೆಸರು ಹೇಳ್ಬೋದಿತ್ತಲ್ಲ?"

ಈರಣ್ಣ ಅರ ಕೆಳಗಿಟ್ಟರು. "ನೀವು ಕೆಂಪು ಹಾಕಿದ್ರಿ. ಕೆಂಪು ಹಾಕಿದ ಮ್ಯಾಲ ನಾವು ಬಾಯಿ ಮಾಡಾಕತ್ತಿದ್ರ, ನಾಳೆ ನಿಮ್ಮ ಹಸಿರಿಗೂ ಬೆಲಿ ಇರಂಗಿಲ್ರಿ. ನನ್ನ ಇಷ್ಟು ವರ್ಷದ ಕೆಲಸ ಎಲ್ಲ ಆ ಹಸಿರಿನ ಮ್ಯಾಲೇ ನಿಂತೈತ್ರಿ ಮೇಡಂ."

ಅಲ್ಲಿ ಅಳುವುದು ಬೇಡವೆಂದು ಮೇಜಿಗೆ ಬಂದು ರಿಜೆಕ್ಷನ್ ನೋಟಿನ ಪುಸ್ತಕ ತೆಗೆದೆ. ಕೆಟ್ಟ ಕೆಲಸಕ್ಕೆಲ್ಲ ನಮ್ಮಲ್ಲಿ ಒಂದು ಹಾಳೆ ಬರೆಯುವ ಪದ್ಧತಿ: ಏನು ಕೆಟ್ಟಿತು, ಕಾರಣ ಯಾರು, ಮತ್ತೆ ಮಾಡಿದ ಮೇಲೆ ಪರಿಶೀಲಿಸಿದವರು ಯಾರು, ಷರಾ ಏನು. ‘ಕಾರಣ’ ಎಂಬಲ್ಲಿ ಸಾಮಾನ್ಯವಾಗಿ ನಾನು ಆಪರೇಟರುಗಳ ಹೆಸರು ಬರೆಯುತ್ತಿದ್ದೆ. ಅಂದು ‘ಇನ್‌ಸ್ಪೆಕ್ಷನ್ನಿನ ತಪ್ಪು. ನಳಿನಾ’ ಎಂದು ಬರೆದು ಸಾರ್ ಮುಂದೆ ಇಟ್ಟೆ.

ಅವರು ಎರಡು ಸಲ ಓದಿದರು. "ಮಾಡಿದೋರು ಹೀಗೆ ಬೇಕು ಅಂದಾಗ ಯಾಕೆ ಅಂತ ಕೇಳ್ಬೇಕು ಅನ್ನಿಸ್ಲಿಲ್ವೇನಮ್ಮ? ಎಲ್ಲದಕ್ಕೂ ಯಾಕೆ ಅಂತೀಯ."

"ಅನ್ನಿಸ್ಲಿಲ್ಲ ಸಾರ್."

ಅವರು ಬೈಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, "ಈರಣ್ಣ, ನಿಮ್ಮ ಮಶೀನಿಗೆ ಹೋಗಿ," ಅಂದರು.

ಈರಣ್ಣ ಒರಟು ಕಲ್ಲು ಹಾಕಿ, ಹಿಂದೆ ಮುಂದೆ ಕೆಲವೇ ಸಲ ಆಡಿಸಿ, ಸಿಲಿಂಡರನ್ನು ಸೋಪಿನ ನೀರಲ್ಲಿ ತೊಳೆದು ತಂದರು. ನಾನು ಅಭ್ಯಾಸದಂತೆ ಗೇಜಿಗೆ ಕೈ ಹಾಕಿದೆ.

"ಅಳತಿ ಆಮ್ಯಾಲ್ರಿ. ಮೊದಲ ಮುಟ್ಟ್ರಿ."

ಬೆರಳು ಒಳಗಿಟ್ಟೆ. ಕಣ್ಣು ಮುಚ್ಚಿದರೆ ಮಾತ್ರ ಗೊತ್ತಾಗುವಷ್ಟು ಸಣ್ಣ ತರಿತರಿ, ಎಲ್ಲ ಕಡೆ ಒಂದೇ ಸಮ. ಆರು ವರ್ಷದಲ್ಲಿ ನಾನು ಸಾವಿರಾರು ಸಿಲಿಂಡರ್ ಅಳೆದಿದ್ದೆ, ಒಂದನ್ನೂ ಮುಟ್ಟಿ ನೋಡಿರಲಿಲ್ಲ. ಆಮೇಲೆ ಅಳೆದೆ, ಸರಿಯಿತ್ತು. ಹಸಿರು ಬಣ್ಣದ ಕಡ್ಡಿಯನ್ನೂ, ನೋಟಿನ ಹಾಳೆಯನ್ನೂ, ಪೆನ್ನನ್ನೂ ಅವರ ಮುಂದೆ ಸರಿಸಿ, "ಪರಿಶೀಲಿಸಿದವರು ಅಂತ ಇದೆಯಲ್ಲ, ಅಲ್ಲಿ ನೀವೇ ಹಾಕಿ," ಅಂದೆ.

"ನಾ ಹೆಂಗ್ ಹಾಕ್ಲಿ ಮೇಡಂ?"

"ನನ್ನ ತಪ್ಪನ್ನ ನಾನೇ ಪಾಸ್ ಮಾಡೋಕಾಗತ್ತಾ?"

ಅವರು ಟವೆಲ್ಲಿನಿಂದ ಕೈಯನ್ನು ಎರಡೆರಡು ಸಲ ಒರೆಸಿಕೊಂಡರು. ಪೆನ್ನು ಹಿಡಿದು ಬಹಳ ಹೊತ್ತು ಕೂತರು. ನಾನು ನೋಡುತ್ತಿದ್ದರೆ ಬರೆಯುವುದಿಲ್ಲ ಎಂದು ತಿಳಿದು ಹೊರಗೆ ಹೋದೆ. ಹಾಳೆ ಸಿಲಿಂಡರಿನ ಜೊತೆಗೆ ಮುನಿರಾಜಣ್ಣನ ಕೈಸೇರಿತು, ಅದು ಪದ್ಧತಿ. ನಾನು ಓದಲಿಲ್ಲ.

ಮುಂಗಾರು ಹಿಡಿದ ವಾರ ಜಪಾನು ಮಾಕಳಿಯ ಏರು ಹತ್ತಿತು. ಜಿನುಗು ಮಳೆಯಲ್ಲಿ ನಾವು ಮೂವರು, ನಾನು, ಈರಣ್ಣ, ಸಾರ್, ಕೆಳಗೆ ನಿಂತಿದ್ದೆವು. ಸದ್ದು ಮೇಲೆ ಹೋಗುತ್ತ ಹೋಗುತ್ತ ತೆಳ್ಳಗಾಗಿ ನಿಂತೇಹೋಯಿತು. ಈರಣ್ಣ ಕತ್ತು ವಾಲಿಸಿ ಕಿವಿಗೊಟ್ಟಿದ್ದರು. ಬಹಳ ಹೊತ್ತಾದ ಮೇಲೆ ದೂರದಲ್ಲಿ ಮತ್ತೆ ಟರ್‍ರ್ ಅಂತು, ಹತ್ತಿರವಾಯಿತು, ಹೊಗೆಯ ಹಿಂದೆ ಮುನಿರಾಜಣ್ಣನ ಹಲ್ಲು ಕಂಡಿತು. ಈರಣ್ಣ ಹತ್ತಿರ ಹೋಗಿ ಬಿಸಿ ಎಂಜಿನ್ನನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಲು ಹೋಗಿ ಕೈ ಸುಟ್ಟುಕೊಂಡರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹೋದ ತಿಂಗಳು ಹೊಗೆಯ ಜಾಡು ಹಿಡಿದು ಗೋಡೌನಿನ ಹಿಂದೆ ಹೋದೆ. ಮುನಿರಾಜಣ್ಣನಿಗೆ ಪೂರ್ತಿ ನರೆತಿದೆ, ಜಪಾನಿಗೆ ಹೊಸ ಸೀಟು ಬಂದಿದೆ. "ಇನ್ನೂ ಅದೇ ಬೋರು ಕಣಮ್ಮ!" ಅಂತ ನನ್ನ ಮುಖ ಕಂಡ ಕೂಡಲೇ ಶುರು ಮಾಡಿದರು. ಈರಣ್ಣ ಊರಲ್ಲೇ ಸ್ವಂತ ಲೇತ್ ಇಟ್ಟುಕೊಂಡಿದ್ದಾರಂತೆ, ದೊಡ್ಡ ಮಗಳು ಡಿಪ್ಲೊಮಾ ಮುಗಿಸಿದ್ದಾಳಂತೆ. ಮಾತಿನ ನಡುವೆ ಮುನಿರಾಜಣ್ಣ ಸೀಟೆತ್ತಿ, ಗಾಡಿಯ ದಾಖಲೆಗಳಿದ್ದ ಪ್ಲಾಸ್ಟಿಕ್ ಕವರು ತೆಗೆದರು. ಆರ್‌ಸಿ, ಇನ್ಶೂರೆನ್ಸು, ಅವುಗಳ ಹಿಂದೆ ಮಡಚಿಟ್ಟ, ಎಣ್ಣೆ ಕಲೆಯಾದ ಒಂದು ಹಾಳೆ. "ಇದೂ ಗಾಡಿ ಕಾಗದಾನೇ ಅಲ್ವಾ? ಪೋಲೀಸ್ನೋರ್ ಒಬ್ರು ಇದನ್ನೂ ಓದವ್ರೆ!"

ಬಿಡಿಸಿದೆ. ಕಾರಣದ ಜಾಗದಲ್ಲಿ ನನ್ನ ಹೆಸರು. ಕೆಳಗೆ ಪರಿಶೀಲಿಸಿದವರು ಎಂಬಲ್ಲಿ, ಶಾಲೆಯ ಹುಡುಗರಂತೆ ಒತ್ತಿ ಬರೆದ, ‘ಈರಣ್ಣ’. ಅದರ ಮುಂದಿನ ಷರಾ ಎಂಬಲ್ಲಿ ಒಂದು ಸಾಲಿತ್ತು. ನಾನು ಅದನ್ನು ಇಷ್ಟು ವರ್ಷ ಓದಿರಲಿಲ್ಲ.

‘ಮೇಡಂ ಮುಟ್ಟಿ ನೋಡ್ಯಾರ. ಪಾಸ್.’